ತೋಳಿನಿಂದ ತೋಳಿಗೆ: ಶ್ರೀರಂಗಪಟ್ಟಣದ ದೊಡ್ಡ ಸ್ವಾಮಿಯವರು

  ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಎರಡು ಸಾಲು ಖಾಲಿ ಇದೆ.

ಸತ್ಯವೇದದಲ್ಲಿ ಜ್ಞಾನೋಕ್ತಿಗಳು 11ನೇ ಅಧ್ಯಾಯ, 25ನೇ ವಚನಕ್ಕೆ ಬನ್ನಿ. ಫೋನಲ್ಲಿ ಓದೋರು ಮೊದಲು ವಾಟ್ಸಾಪ್ ಮುಚ್ಚಿ, ಆಮೇಲೆ ವಾಕ್ಯ ತೆರೀರಿ. ಅವರವರ ಮನಸ್ಸಲ್ಲೇ ಓದಿಕೊಳ್ಳಿ. ಇನ್ನೊಬ್ಬರ ದಾಹ ತೀರಿಸೋನ ಬಗ್ಗೆ ಸೊಲೊಮೋನ ಅಲ್ಲಿ ಮಾತಾಡ್ತಾನೆ. ಹಾಗೆ ಮಾಡೋನ ಗಂಟಲು ಒಣಗುತ್ತೆ ಅಂತ ಅವನು ಹೇಳಲ್ಲ. ಅವನಿಗೂ ನೀರು ಸಿಗುತ್ತೆ ಅಂತಾನೆ. ನಮ್ಮ ಮಂಡ್ಯ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆ ಕೆಳಗೆ ಗದ್ದೆ ಇರೋರಿಗೆ ಗೊತ್ತು, ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹೋಗಬೇಕು. ದಾಟಿಸೋ ಗದ್ದೆ ತಾನೂ ನೆನೆಯುತ್ತೆ. ಬದು ಕಟ್ಟಿ ಎಲ್ಲಾ ನನಗೇ ಇರಲಿ ಅಂತ ನಿಲ್ಲಿಸ್ಕೊಂಡ್ರೆ ಸ್ವಲ್ಪ ಕಾಲದಲ್ಲೇ ಅದು ಜೌಗು ಹಿಡಿಯುತ್ತೆ, ಕಬ್ಬಿನ ಬೇರು ಕೊಳೆಯುತ್ತೆ.

ಇವತ್ತು ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಪಾಂಡವಪುರ, ಚಿನಕುರಳಿ, ಶ್ರೀರಂಗಪಟ್ಟಣ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ಮಕ್ಕಳು ನಮ್ಮಲ್ಲಿ ಇದ್ದೀರಿ. ಈ ಕಥೆ ನಿಮ್ಮ ಸೀಮೇದೇ. ಆದ್ರೆ ನಿಮ್ಮಲ್ಲಿ ಬಹಳ ಜನ ಈ ಹೆಸರು ಕೇಳಿರಲ್ಲ. ಊರಿನವರು ಅವರನ್ನ ಕರೀತಿದ್ದದ್ದು ದೊಡ್ಡ ಸ್ವಾಮಿಯವರು ಅಂತ. ಪುಸ್ತಕಗಳಲ್ಲಿ ಅಬ್ಬೆ ದುಬ್ವಾ. ಪೂರ್ತಿ ಹೆಸರು ಜಾನ್ ಅಂಟ್ವಾನ್ ದುಬ್ವಾ, ಫ್ರಾನ್ಸ್ ದೇಶದವರು.

ಒಂದು ಸಣ್ಣ ಮಾತು, ಇದು ನನಗೆ ಬಹಳ ಇಷ್ಟ. ಅಬ್ಬೆ ಅಂದ್ರೆ ಹಳಗನ್ನಡದಲ್ಲಿ ತಾಯಿ. ಫ್ರೆಂಚ್ ಭಾಷೆಯಲ್ಲಿ ಅಬ್ಬೆ ಅಂದ್ರೆ ಪಾದ್ರಿ, ಆ ಪದದ ಮೂಲ ಅಬ್ಬಾ, ಅಂದ್ರೆ ತಂದೆ. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ನಾವು ದೇವರನ್ನ ಕೂಗೋ ಅಬ್ಬಾ ಅದೇ. ಒಂದೇ ಹೆಸರಲ್ಲಿ ತಂದೆಯೂ ತಾಯಿಯೂ. ಆ ಮನುಷ್ಯನಿಗೆ ಈ ವಿಷಯ ಗೊತ್ತಿತ್ತೋ ಇಲ್ಲವೋ, ನಮ್ಮ ಸೀಮೆಗೆ ಬರೋಕೆ ಒಳ್ಳೆ ಹೆಸರೇ ತಗೊಂಡು ಬಂದ್ರು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಅವರು ರೋಮನ್ ಕಥೋಲಿಕ ಪಾದ್ರಿ. ನಾವು ಪೆಂತೆಕೊಸ್ತ ಸಭೆಯವರು. ದೀಕ್ಷಾಸ್ನಾನದ ವಿಷಯ, ಪವಿತ್ರಾತ್ಮನ ಅಭಿಷೇಕದ ವಿಷಯ, ಇನ್ನೂ ಎಷ್ಟೋ ವಿಷಯದಲ್ಲಿ ನಮ್ಮ ಉಪದೇಶ ಬೇರೆ. ಅದನ್ನ ನಾನು ಇವತ್ತು ಒರೆಸಿ ಹಾಕ್ತಿಲ್ಲ. ಆದ್ರೆ ಕರ್ತನು ಒಳ್ಳೆ ಸಮಾರ್ಯದವನ ಸಾಮ್ಯ ಹೇಳಿದಾಗ, ಉಪದೇಶ ಸರಿಯಿದ್ದ ಇಬ್ಬರು ದಾಟಿ ಹೋದ್ರು, ಉಪದೇಶ ಬೇರೆ ಇದ್ದೋನು ಕೆಳಗೆ ಇಳಿದ. ಅದನ್ನ ನೆನಪಲ್ಲಿ ಇಟ್ಕೊಂಡು ಕೇಳಿ.

ದುಬ್ವಾ ಹುಟ್ಟಿದ್ದು 1765ರ ಸುಮಾರಿಗೆ, ಫ್ರಾನ್ಸಿನ ದಕ್ಷಿಣದ ಆರ್ದೆಶ್ ಸೀಮೆಯ ಒಂದು ಹಳ್ಳಿಯಲ್ಲಿ. 1792ರಲ್ಲಿ ಪಾದ್ರಿಯಾದ್ರು. ಆ ವರ್ಷ ಫ್ರಾನ್ಸಲ್ಲಿ ಪಾದ್ರಿಯಾಗೋದು ಅಂದ್ರೆ ಏನು ಗೊತ್ತಾ? ಕ್ರಾಂತಿಯ ಕಾಲ. ಆ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಸೆರೆಮನೆಗಳಲ್ಲಿ 200ಕ್ಕೂ ಹೆಚ್ಚು ಪಾದ್ರಿಗಳನ್ನ ಕೊಂದ್ರು. ದುಬ್ವಾ ಅದೇ ವರ್ಷ ದೇಶ ಬಿಟ್ರು. ಅಲ್ಲೇ ಇದ್ದಿದ್ರೆ ಗೆಳೆಯರ ಜೊತೆ ತಾನೂ ಸತ್ತಿರ್ತಿದ್ದೆ ಅಂತ ಮುಂದೆ ಅವರೇ ಹೇಳ್ಕೊಂಡಿದ್ದಾರೆ.

ವಯಸ್ಸು ಲೆಕ್ಕ ಹಾಕಿ. 26, 27. ಇಲ್ಲಿ ಕೂತಿರೋ ಬಹಳ ಜನರ ವಯಸ್ಸು. ಆ ವಯಸ್ಸಲ್ಲಿ ನಾವು ಯಾವ ಕಂಪನಿ, ಎಷ್ಟು ಪ್ಯಾಕೇಜು, ಯಾವಾಗ ಆನ್‌ಸೈಟು ಅಂತ ಯೋಚಿಸ್ತೀವಿ. ತಪ್ಪು ಅಂತ ಹೇಳ್ತಿಲ್ಲ. ಅವನು ಮಾತ್ರ ಇನ್ನೊಮ್ಮೆ ಸಿಕ್ಕಿದ ಜೀವವನ್ನ ಯಾರಿಗೆ ಕೊಡಲಿ ಅಂತ ಹಡಗು ಹತ್ತಿದ. ಪಾಂಡಿಚೇರಿಗೆ ಬಂದು ಇಳಿದ. ಏಳು ವರ್ಷ ತಮಿಳು ಸೀಮೆಯಲ್ಲಿ ಇದ್ದು ಕಲಿತ.

ಕಲಿತ ಅಂದ್ರೆ ಬರೀ ಭಾಷೆ ಅಲ್ಲ. ಯೂರೋಪಿನವರ ಜೊತೆ ಓಡಾಟ ಬಿಟ್ಟರು. ಇಲ್ಲಿನವರ ಹಾಗೆ ಬಟ್ಟೆ, ತಲೆಗೆ ರುಮಾಲು, ಕೈಯಲ್ಲಿ ಕೋಲು. ಮಾಂಸ ಬಿಟ್ಟರು. ಇಲ್ಲಿನವರ ಹಾಗೆ ಕೂತು, ಇಲ್ಲಿನವರ ಹಾಗೆ ಉಂಡರು. ನಮ್ಮಲ್ಲಿ ಕೆಲವರು ಮಿಷನ್ ಟ್ರಿಪ್‌ಗೆ ಹೋಗುವಾಗ ಮಿನರಲ್ ವಾಟರ್, ಮ್ಯಾಗಿ ಪ್ಯಾಕೆಟ್, ಪವರ್ ಬ್ಯಾಂಕ್ ತಗೊಂಡು ಹೋಗ್ತೀವಿ, ಮನೆಯವರು ಕೊಟ್ಟ ಮಜ್ಜಿಗೆ ಮುಟ್ಟಲ್ಲ. ನಗಬೇಡಿ, ನಿಮಗೇ ಹೇಳ್ತಿರೋದು. ಆ ಮನೆಯ ಅಜ್ಜಿಗೆ ನಾವು ಏನು ಕೊಟ್ಟರೂ, ಆಕೆ ಕೈಯಿಂದ ಏನೂ ತಗೊಳ್ಳದೆ ಬಂದ್ರೆ, ಆಕೆ ಮುಂದೆ ನಾವು ದೊಡ್ಡವರಾಗಿಯೇ ಉಳೀತೀವಿ. ದುಬ್ವಾ ಮೊದಲು ತಗೊಳ್ಳೋದನ್ನ ಕಲಿತರು.

ಈಗ 1799. ಮೇ 4, ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡ್ತಾ ಸತ್ತ. ಅದಕ್ಕೆ ಹದಿನೈದು ವರ್ಷ ಮುಂಚೆ, 1784ರಲ್ಲಿ, ಮಂಗಳೂರು ಕರಾವಳಿಯ ಕ್ರೈಸ್ತರನ್ನ ಸಾವಿರಾರು ಸಂಖ್ಯೆಯಲ್ಲಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ತಂದಿದ್ರು. ದಾರಿಯಲ್ಲೇ ಸತ್ತವರು ಎಷ್ಟೋ ಜನ, ಒತ್ತಾಯಕ್ಕೆ ಮತ ಬದಲಾಯಿಸಿದವರು ಎಷ್ಟೋ ಜನ. ಟಿಪ್ಪು ಬಗ್ಗೆ ಇವತ್ತು ಟಿವಿಯಲ್ಲಿ ಆಗೋ ಜಗಳವನ್ನ ನಾನು ಈ ವೇದಿಕೆಗೆ ತರಲ್ಲ. ಅದು ನಮ್ಮ ಕೆಲಸ ಅಲ್ಲ. ನಾನು ಹೇಳೋದು ಇಷ್ಟು: ಯುದ್ಧ ಮುಗಿದ ದಿನ ಆ ಊರಲ್ಲಿ ಒಡೆದು ಚೂರಾದ ಕುಟುಂಬಗಳು ಇದ್ವು. ತಂದೆ ತಾಯಿ ಹೋದ ಮಕ್ಕಳು. ತಾನು ಯಾರು, ಯಾವ ದೇವರಿಗೆ ಪ್ರಾರ್ಥಿಸಬೇಕು ಅಂತ ಗೊತ್ತಾಗದ ಜನ. ಇವರನ್ನ ನೋಡಿಕೊಳ್ಳೋಕೆ ಒಬ್ಬ ಪಾದ್ರಿ ಬೇಕಾಗಿತ್ತು. ಆಗ ಅಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನ ಸೋಲಿಸಿದ ಅದೇ ವೆಲ್ಲೆಸ್ಲಿ, ದುಬ್ವಾ ಹೆಸರು ಹೇಳಿದ. ಅವರು ಬಂದ್ರು.

ಇಲ್ಲಿ ಗಮನಿಸಿ. ಫ್ರೆಂಚರು ಟಿಪ್ಪುವಿನ ಕಡೆಯವರು. ಇವತ್ತಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದದ್ದೇ ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ರು ಅಂತ. ಅದೇ ನೆಲಕ್ಕೆ ಬಂದೂಕು ಇಲ್ಲದ ಇನ್ನೊಬ್ಬ ಫ್ರೆಂಚ್ ಮನುಷ್ಯ ಬಂದ, ಅದೂ ಗೆದ್ದ ಇಂಗ್ಲಿಷರ ಕಾಲದಲ್ಲಿ. ಎರಡೂ ಕಡೆಯವರು ಅನುಮಾನ ಪಡಬಹುದಾದ ಜಾಗದಲ್ಲಿ ನಿಂತ.

ಆ ಚದುರಿದ ಜನರನ್ನ ಸೇರಿಸೋದೇ ಒಬ್ಬ ಮನುಷ್ಯನ ಜೀವಮಾನಕ್ಕೆ ಸಾಕಾಗೋ ಕೆಲಸ. ದುಡಿಯೋಕೆ ನೆಲ ಇಲ್ಲದವರಿಗೆ ಹಾಸನದ ಕಡೆ, ಸಾತಳ್ಳಿಯಲ್ಲಿ, ಬೇಸಾಯದ ನೆಲೆ ಮಾಡಿಕೊಟ್ಟರು. ನೀವು ಅದೇ ಜಿಲ್ಲೆಯ ಶೆಟ್ಟಿಹಳ್ಳಿಗೆ ನೀರಲ್ಲಿ ಮುಳುಗೋ ಚರ್ಚ್ ಮುಂದೆ ಫೋಟೋ ತೆಗೆಸ್ಕೊಳ್ಳೋಕೆ ಹೋಗ್ತೀರಲ್ಲ, ಅದು ಇವರು ಕಟ್ಟಿದ್ದಲ್ಲ, ಮುಂದಿನ ಕಾಲದ್ದು. ಆದ್ರೆ ರೀಲ್ಸ್ ಮುಗಿದ ಮೇಲೆ ಆ ಸೀಮೆಯಲ್ಲಿ ಕ್ರೈಸ್ತ ಒಕ್ಕಲು ಮನೆಗಳು ಯಾಕಿವೆ ಅಂತ ಒಂದ್ಸಲ ಕೇಳಿ ನೋಡಿ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡ ವಿಷಯ. ಸಿಡುಬು.

ನಿಮ್ಮ ಅಜ್ಜಿಯ ತೋಳು ನೋಡಿ. ದುಂಡಗೆ, ದೊಡ್ಡ ಗುರುತು ಇರುತ್ತೆ. ಅದು ದಾಕು ಹಾಕಿದ ಗುರುತು. ಕೆಲವು ಕಡೆ ದೇವಿ ಹಾಕಿಸೋದು ಅಂತಿದ್ರು. ನಿಮ್ಮ ತೋಳಲ್ಲಿ ಇರೋದು ಬಿಸಿಜಿ, ಅದು ಬೇರೆ. ಸಿಡುಬು ಅಂದ್ರೆ ಏನು ಅಂತ ನಮ್ಮ ತಲೆಮಾರಿಗೆ ಗೊತ್ತಿಲ್ಲ, ದೇವರಿಗೆ ಸ್ತೋತ್ರ. ಮೈತುಂಬಾ ಕೀವು ತುಂಬಿದ ಬೊಕ್ಕೆ. ಬದುಕಿ ಉಳಿದವರಿಗೆ ಮುಖದ ಮೇಲೆ ಕುಳಿ, ಕೆಲವರಿಗೆ ಕಣ್ಣೇ ಹೋಗೋದು. ಊರೊಳಗೆ ಬಂದ್ರೆ ಮನೆ ಮನೆಗೆ ಹೋಗೋದು, ಮಕ್ಕಳನ್ನೇ ಹೆಚ್ಚು ತಗೊಳ್ಳೋದು.

1796ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್, ಅವನೂ ಒಬ್ಬ ಪಾದ್ರಿಯ ಮಗ, ಹಸುವಿನ ಸಿಡುಬಿನ ರಸವನ್ನ ಒಬ್ಬ ಹುಡುಗನ ತೋಳಿಗೆ ಹಾಕಿ, ಅದರಿಂದ ದೊಡ್ಡ ಸಿಡುಬು ಬರಲ್ಲ ಅಂತ ತೋರಿಸಿದ. ಆ ರಸ ಭಾರತಕ್ಕೆ ಬಂದದ್ದು 1802ರಲ್ಲಿ. ಜೂನ್ 14ರಂದು ಮುಂಬೈನಲ್ಲಿ ಮೂರು ವರ್ಷದ ಒಂದು ಹೆಣ್ಣು ಮಗುವಿಗೆ ಹಾಕಿದ್ರು, ನಮ್ಮ ದೇಶದಲ್ಲಿ ದಾಕು ಹಿಡಿದ ಮೊದಲ ಮಗು ಅದು.

ಅದು ಬಂದದ್ದು ಹೇಗೆ? ಫ್ರಿಜ್ ಇಲ್ಲ, ಐಸ್ ಬಾಕ್ಸ್ ಇಲ್ಲ. ಗಾಜಿನ ಚೂರಿನ ಮೇಲೆ, ದಾರದ ಎಳೆಯ ಮೇಲೆ ಒಣಗಿಸಿ ಕಳಿಸಿದ್ರೆ ನಮ್ಮ ಬಿಸಿಲಿಗೆ ಬಹಳ ಸಲ ಸತ್ತೇ ಹೋಗೋದು. ಭದ್ರವಾದ ದಾರಿ ಒಂದೇ, ತೋಳಿನಿಂದ ತೋಳಿಗೆ. ಇವತ್ತು ಒಂದು ಮಗುವಿಗೆ ದಾಕು ಹಾಕ್ತಾರೆ. ಸುಮಾರು ಎಂಟನೇ ದಿನಕ್ಕೆ ಅದರ ತೋಳಲ್ಲಿ ಒಂದು ಬೊಕ್ಕೆ ಏಳುತ್ತೆ. ಅದರ ರಸ ತೆಗೆದು ಮುಂದಿನ ಮಗುವಿಗೆ ಹಾಕ್ತಾರೆ. ಅದರಿಂದ ಇನ್ನೊಂದಕ್ಕೆ. ಒಂದು ವಾರ ಮುಂದಿನ ತೋಳು ಸಿಗದಿದ್ರೆ ಸರಪಳಿ ಅಲ್ಲೇ ಕಡಿದು ಹೋಯ್ತು, ಮತ್ತೆ ದೂರದಿಂದ ತರಬೇಕು.

ಇದನ್ನ ಸ್ವಲ್ಪ ಹೊತ್ತು ಯೋಚನೆ ಮಾಡಿ, ಪ್ರಿಯರೇ. ಆ ಔಷಧಿಯನ್ನ ಪೆಟ್ಟಿಗೆಯಲ್ಲಿ ಕೂಡಿಡೋಕೆ ಆಗಲ್ಲ. ಕೊಟ್ಟರೆ ಮಾತ್ರ ಉಳಿಯುತ್ತೆ. ತಗೊಂಡೋನೇ ಮುಂದಿನವನಿಗೆ ಕೊಡೋನು ಆಗಬೇಕು. ದಾಕು ಹಾಕಿಸಿಕೊಂಡ ಒಂದು ಬಡ ಮಗು, ಇನ್ನೂ ಮಾತು ಬಾರದ ಮಗು, ತನ್ನ ತೋಳಲ್ಲಿ ಊರಿಗೇ ಜೀವ ಹೊತ್ಕೊಂಡಿತ್ತು. ನಮಗೆ ಏನೂ ಇಲ್ಲ, ನಾವು ಏನು ಸೇವೆ ಮಾಡೋಣ ಅನ್ನೋರು ಇದನ್ನ ಮರೀಬೇಡಿ.

ಮೈಸೂರು ಸಂಸ್ಥಾನಕ್ಕೆ ಈ ದಾಕು ತಂದು ಹರಡಿದವರಲ್ಲಿ ದುಬ್ವಾ ಹೆಸರು ಮುಂದೆ ಬರುತ್ತೆ. 1803-04ರಲ್ಲಿ ಅವರ ಮೂಲಕ ದಾಕು ಹಾಕಿಸಿಕೊಂಡವರು 25,432 ಜನ ಅಂತ ಲೆಕ್ಕ ಉಳಿದಿದೆ. ಎರಡು ವರ್ಷ ಪೂರ್ತಿ ಅಂತ ಹಿಡಿದರೂ, ಭಾನುವಾರ, ಮಳೆ, ಜ್ವರದ ದಿನ ಎಲ್ಲಾ ಸೇರಿಸಿ, ದಿನಕ್ಕೆ 35 ತೋಳು. ಯಾವುದೋ ಬೀದಿಯಲ್ಲಿ ಒಬ್ಬ ತಾಯಿ ಮಗುವನ್ನ ಸೆರಗಲ್ಲಿ ಮುಚ್ಕೊಂಡು ಬೇಡ ಅಂತ ಹಿಂದೆ ಸರೀತಾಳೆ. ಇದರಿಂದಲೇ ರೋಗ ಬರುತ್ತೆ ಅಂತ ಹೆದರಿಕೆ. ಅಮ್ಮ ಮುನಿಸ್ಕೊಳ್ತಾಳೆ ಅಂತ ಹೆದರಿಕೆ. ಇನ್ನೊಂದು ದೊಡ್ಡ ತೊಡಕು, ಬೇರೆ ಜಾತಿಯ ಮಗುವಿನ ತೋಳಿನ ರಸ ನಮ್ಮ ಮಗುವಿನ ಮೈಗೆ ಬೇಡ. ಭಾರತದಲ್ಲಿ ಎಲ್ಲಾ ಕಡೆ ದಾಕಿಗೆ ಈ ಅಡ್ಡಿ ಬಂದಿತ್ತು. ಅಂಥ ಬಾಗಿಲಲ್ಲಿ ಒಬ್ಬ ಬಿಳಿಯ ದೊರೆ ಟೊಪ್ಪಿ ಹಾಕ್ಕೊಂಡು ನಿಂತಿದ್ರೆ ಬಾಗಿಲು ತೆರೀತಿತ್ತಾ? ರುಮಾಲು ಸುತ್ತಿಕೊಂಡು, ಅವರ ಹಾಗೆ ಉಂಡು, ಅವರ ಮಾತು ಆಡೋ ಸ್ವಾಮಿ ಬಂದಿದ್ದಕ್ಕೆ ತೆರೀತು ಅಂತ ನನ್ನ ಎಣಿಕೆ. ಅರಮನೆಯೂ ಹಿಂದೆ ಬೀಳಲಿಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನೋ ಕಲಾವಿದ ಬರೆದ ಚಿತ್ರದಲ್ಲಿ ಮೈಸೂರಿನ ಒಬ್ಬ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸ್ತಾರೆ. ಅದು ದಾಕು ಹಾಕಿಸಿಕೊಂಡ ಜಾಗ ಅಂತ ಇತಿಹಾಸ ಬಲ್ಲವರು ಹೇಳ್ತಾರೆ.

ದುಬ್ವಾ ಅವರನ್ನ ಶ್ರೀರಂಗಪಟ್ಟಣಕ್ಕೆ ಕರೆಸಿದ್ದು ದಾಕು ಹಾಕೋಕೆ ಅಲ್ಲ. ಪಾದ್ರಿ ಕೆಲಸಕ್ಕೆ. ಇದು ಅವರು ಮೈಮೇಲೆ ಎಳೆದುಕೊಂಡ ಕೆಲಸ. ನಮ್ಮ ಭಾಷೆಯಲ್ಲಿ ವಾಲಂಟಿಯರಿಂಗ್.

ಇಲ್ಲಿ ನಿಮ್ಮಲ್ಲಿ ಒಬ್ಬ ತಮ್ಮ ಕೇಳಿದ ಪ್ರಶ್ನೆ ತರ್ತೀನಿ. ಹೆಸರು ಹೇಳಲ್ಲ, ಹೆದರಬೇಡ. ಚಿನಕುರಳಿ ಕಡೆ ನಮ್ಮ ಹುಡುಗರು ಹೋಗಿ ಕಣ್ಣಿನ ತಪಾಸಣೆ ಕ್ಯಾಂಪಿಗೆ ಸಹಾಯ ಮಾಡಿದ್ರು. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತು ಚೀಟಿ ಬರೆದ್ರು, ಅಜ್ಜಂದಿರ ಕೈ ಹಿಡಿದು ಕೂರಿಸಿದ್ರು. ವಾಪಸ್ ಬಂದ ಮೇಲೆ ಆ ತಮ್ಮ ನನ್ನ ಹತ್ರ ಬಂದು, ಪಾಸ್ಟರಣ್ಣ, ಅಷ್ಟು ಜನ ಬಂದ್ರು, ಕನ್ನಡಕ ತಗೊಂಡು ಹೋದ್ರು, ಒಬ್ಬರೂ ಪ್ರಾರ್ಥನೆಗೆ ಅಂತ ಕೇಳಲಿಲ್ಲ, ನಾವು ಹೋಗಿದ್ದು ವೇಸ್ಟ್ ಆಯ್ತಾ ಅಂತ ಕೇಳಿದ. ಅವನ ಕಣ್ಣಲ್ಲಿ ನೀರು ಇತ್ತು. ಅದು ಸೋಮಾರಿ ಕೇಳೋ ಪ್ರಶ್ನೆ ಅಲ್ಲ. ಆತ್ಮಗಳ ಭಾರ ಇರೋನು ಕೇಳೋ ಪ್ರಶ್ನೆ. ಅದಕ್ಕೆ ನಾನು ಆವತ್ತು ಉತ್ತರ ಕೊಡದೆ, ಈ ಮನುಷ್ಯನ ಕಥೆ ಹೇಳ್ತೀನಿ ಇರು ಅಂದೆ.

ಯಾಕಂದ್ರೆ ದುಬ್ವಾ ಅದೇ ಪ್ರಶ್ನೆ ಇಟ್ಕೊಂಡು ಊರು ಬಿಟ್ಟು ಹೋದವರು.

1823ರಲ್ಲಿ ಲಂಡನ್ನಿನಲ್ಲಿ ಅವರ ಪತ್ರಗಳ ಒಂದು ಪುಸ್ತಕ ಬಂತು, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ. ಅದನ್ನ ಓದಿದ್ರೆ ಹೊಟ್ಟೆ ಉರಿಯುತ್ತೆ. ಸುಮಾರು 25 ವರ್ಷದ ದುಡಿಮೆಯಲ್ಲಿ, ಇನ್ನೊಬ್ಬ ಸ್ಥಳೀಯ ಸೇವಕರ ಸಹಾಯ ಸೇರಿ, ಹೊಸದಾಗಿ ವಿಶ್ವಾಸಕ್ಕೆ ತಂದವರು 200ರಿಂದ 300 ಜನ ಅಂತ ಬರೀತಾರೆ. ಅದರಲ್ಲೂ ಬಹುಪಾಲು ಸಮಾಜ ಹೊರಗಿಟ್ಟ ಬಡವರು, ಭಿಕ್ಷುಕರು ಅಂತ, ಅದೇನೋ ಕಡಿಮೆ ಅನ್ನೋ ಹಾಗೆ ಬರೀತಾರೆ. ಕೊನೆಗೆ ಈ ದೇಶದವರು ಕ್ರಿಸ್ತನ ಕಡೆ ತಿರುಗೋದು ಆಗದ ಕೆಲಸ ಅಂತ ತೀರ್ಮಾನ ಕೊಟ್ಟುಬಿಡ್ತಾರೆ.

ಅಣ್ಣಾ, ದುಬ್ವಾ ಅಣ್ಣಾ, ಅಲ್ಲಿ ನೀವು ತಪ್ಪಿದಿರಿ ಅಂತ ನಾನು ಹೇಳ್ತೀನಿ. ಸಮಾಜ ಹೊರಗಿಟ್ಟವರು ಬಂದ್ರೆ ಅದು ಕಡಿಮೆ ಲೆಕ್ಕನಾ? ಕರ್ತನ ಊಟದ ಸಾಮ್ಯದಲ್ಲಿ ಕೊನೆಗೆ ಮೇಜು ತುಂಬಿದ್ದು ಬೀದಿ, ಬೇಲಿ ಹತ್ರ ಸಿಕ್ಕಿದವರಿಂದಲೇ ತಾನೆ? ನಮ್ಮ ಸಭೆಗಳ ಮೊದಲ ವಿಶ್ವಾಸಿಗಳು ಎಷ್ಟೋ ಕಡೆ ಅದೇ ಮನೆಗಳವರು. ನನ್ನ ನಿಮ್ಮ ಅಜ್ಜ ಅಜ್ಜಿಯರು. ಆದ್ರೆ ಆ ಮನುಷ್ಯನ ನೋವು ನನಗೆ ಅರ್ಥ ಆಗುತ್ತೆ. ಮೂವತ್ತು ವರ್ಷ ಕೊಟ್ಟು, ಲೆಕ್ಕದ ಪುಸ್ತಕ ತೆರೆದು ನೋಡಿದಾಗ, ಖಾಲಿ ಅನ್ನಿಸಿತು.

ಅವರು ಎಣಿಸಿದ್ದು 300. ಎಣಿಸದೆ ಬಿಟ್ಟದ್ದು 25,432.

ಲೂಕ 17ಕ್ಕೆ ಬನ್ನಿ. ಹತ್ತು ಕುಷ್ಠರೋಗಿಗಳು. ಕರ್ತನು ಹತ್ತು ಜನರನ್ನೂ ಕಳಿಸಿದ, ಹತ್ತು ಜನವೂ ಶುದ್ಧರಾದ್ರು. ತಿರುಗಿ ಬಂದವನು ಒಬ್ಬ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಎಲ್ಲಿ ಅಂತ ಕರ್ತನಿಗೂ ನೋವಾಯ್ತು, ಕೇಳಿದ. ನೋವಾಗಬಾರದು ಅಂತ ಯಾರೂ ನಿಮಗೆ ಹೇಳಬಾರದು. ಆದ್ರೆ ಒಂದು ವಿಷಯ ನೋಡಿ, ಆ ಒಂಬತ್ತು ಜನರ ಮೈಮೇಲೆ ರೋಗ ವಾಪಸ್ ಬಂತು ಅಂತ ಎಲ್ಲೂ ಬರೆದಿಲ್ಲ. ಅವರು ಹೆಂಡತಿ ಮಕ್ಕಳ ಹತ್ರ ಹೋದ್ರು. ಮಗು ಎತ್ಕೊಂಡ್ರು. ಕೊಟ್ಟದ್ದನ್ನ ಕರ್ತನು ಕಿತ್ಕೊಳ್ಳಲಿಲ್ಲ, ಯಾಕಂದ್ರೆ ಅದು ಗಾಳಕ್ಕೆ ಸಿಕ್ಕಿಸಿದ ಹುಳ ಆಗಿರಲಿಲ್ಲ.

ಇದನ್ನ ನೇರವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮಲ್ಲೇ ಕೆಲವರಿಗೆ ಗೊಂದಲ ಇದೆ. ಕನ್ನಡಕ ಕೊಡೋದು ಸಭೆಗೆ ಬರಲಿ ಅಂತ ಆದ್ರೆ, ಅದು ವ್ಯಾಪಾರ. ಸುವಾರ್ತೆ ಹೇಳೋದನ್ನ ನಾವು ನಿಲ್ಲಿಸಲ್ಲ, ಅದು ನಮಗೆ ಆಜ್ಞೆ. ಆದ್ರೆ ಅಜ್ಜನ ಕಣ್ಣು ಕಾಣಲಿ ಅನ್ನೋದಕ್ಕೆ ಅಜ್ಜನ ಕಣ್ಣೇ ಸಾಕಾದ ಕಾರಣ. ಪವಿತ್ರಾತ್ಮನು ಯಾರ ಹೃದಯ ತೆರೀತಾನೆ ಅನ್ನೋದು ಆತನ ಕೆಲಸ. ಚೀಟಿ ಬರೆಯೋದು ನಮ್ಮ ಕೆಲಸ.

ಹಾಗಾದ್ರೆ ದುಬ್ವಾಗೆ ಏನು ಸಿಕ್ತು? ಕೊಟ್ಟೋನಿಗೂ ನೀರು ಸಿಗುತ್ತೆ ಅಂತ ಸೊಲೊಮೋನ ಹೇಳಿದ್ದು ಸುಳ್ಳಾಯ್ತಾ?

ನಾನು ಈ ಮನುಷ್ಯನ ಬದುಕನ್ನ ಓದ್ತಾ ಅದನ್ನೇ ಹುಡುಕಿದೆ. ಮೊದಲು ಸಿಕ್ಕಿದ್ದು ಅವರ ಒಂದು ದೋಷ. ಶ್ರೀರಂಗಪಟ್ಟಣದಲ್ಲಿದ್ದಾಗ ಅವರು ಇಲ್ಲಿನ ಜನರ ನಡೆ ನುಡಿ, ಆಚಾರಗಳ ಬಗ್ಗೆ ಒಂದು ದೊಡ್ಡ ಹಸ್ತಪ್ರತಿ ಸಿದ್ಧ ಮಾಡಿದ್ರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ವಿಲ್ಕ್ಸ್ ಅದನ್ನ ಮೇಲಕ್ಕೆ ಕಳಿಸಿದ, ಮದ್ರಾಸಿನ ಗವರ್ನರ್ ಬೆಂಟಿಂಕ್ ಕಂಪನಿಗಾಗಿ ಅದನ್ನ ಕೊಂಡುಕೊಂಡ. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. ಅವರು ಜಗತ್ತಿಗೆ ಗೊತ್ತಾದದ್ದು ಆ ಪುಸ್ತಕದಿಂದ. ಆದ್ರೆ ಅದರ ಎಷ್ಟೋ ಭಾಗ ಅವರಿಗಿಂತ ಮುಂಚೆ ಇದ್ದ ಕೂರ್ದೂ ಅನ್ನೋ ಇನ್ನೊಬ್ಬ ಪಾದ್ರಿಯ ಬರಹದಿಂದ ಬಂದದ್ದು ಅಂತ ವಿದ್ವಾಂಸರು ಆಮೇಲೆ ತೋರಿಸಿದ್ದಾರೆ. ಅದರಲ್ಲಿ ಇಲ್ಲಿನ ಜನರ ಮೇಲೆ ಕಟುವಾದ ಮಾತುಗಳೂ ಬಹಳ ಇವೆ. ನಾನು ಯಾರನ್ನೂ ಗೋಡೆಗೆ ಹಾಕೋ ಪಟ ಮಾಡಲ್ಲ. ಸತ್ಯವೇದವೂ ದಾವೀದನನ್ನ ಹಾಗೆ ಮಾಡಲಿಲ್ಲ.

ಆಮೇಲೆ ಇನ್ನೊಂದು ಸಿಕ್ತು. ಆ 1823ರ ಪುಸ್ತಕದಲ್ಲೇ, ಕೊನೆಗೆ, ಇನ್ನೊಂದು ಬರಹ ಸೇರಿದೆ. ಒಬ್ಬ ಮಿಷನರಿ ಈ ದೇಶದ ಗಂಡಸರು ಹೆಂಗಸರ ಮೇಲೆ ಬಹಳ ಕೀಳಾಗಿ ಬರೆದಿದ್ದ. ದುಬ್ವಾ ಅದಕ್ಕೆ ಎದುರಾಗಿ ಕೂತು, ಆ ಗಂಡಸರ ಪರವಾಗಿ, ಆ ಹೆಂಗಸರ ಪರವಾಗಿ ಉತ್ತರ ಬರೆದ್ರು. ಯೋಚಿಸಿ ನೋಡಿ. ಯಾರು ಇವನ ಮಾತು ಕೇಳಿ ಕ್ರಿಸ್ತನ ಕಡೆ ಬರಲಿಲ್ಲ ಅಂತ ನೊಂದಿದ್ದನೋ, ಅವರ ಮರ್ಯಾದೆಗೆ ಯಾರೋ ಕೈ ಹಾಕಿದಾಗ ಇವನಿಗೆ ಸುಮ್ಮನಿರೋಕೆ ಆಗಲಿಲ್ಲ. ತನ್ನವರನ್ನ ಬೈದ ಹಾಗಾಯ್ತು. ಆ ಮನೆಗಳ ಹೊಸ್ತಿಲು ತುಳಿದಿದ್ದ, ಆ ತಾಯಂದಿರು ಮಗುವಿನ ತೋಳು ಹಿಡಿದು ಮುಂದೆ ಚಾಚಿದ್ದನ್ನ ನೋಡಿದ್ದ. ಫ್ರಾನ್ಸಿನಿಂದ ಓಡಿ ಬಂದ, ಮನೆ ಮಾರು ಇಲ್ಲದ ಹುಡುಗನಿಗೆ ಮೂವತ್ತೊಂದು ವರ್ಷದಲ್ಲಿ ನಮ್ಮವರು ಅಂತ ಹೇಳ್ಕೊಳ್ಳೋ ಜನ ಸಿಕ್ಕಿದ್ರು.

ಇದು ಸಣ್ಣ ಸಂಪತ್ತು ಅಂದ್ಕೋಬೇಡಿ. ಬೆಂಗಳೂರಲ್ಲಿ ಎಷ್ಟು ಜನ ಯೌವನಸ್ಥರು ನನ್ನ ಹತ್ರ ಬಂದು ಒಂಟಿತನ ಅಂತ ಅಳ್ತೀರಿ! ಪಿಜಿಯಲ್ಲಿ ಆರು ಜನ ಇರ್ತೀರಿ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಒಳಗೆ ಖಾಲಿ. ನನ್ನನ್ನ ಯಾರು ಕೇಳ್ತಾರೆ ಅಂತ ಕಾಯ್ತಾ ಕೂತಿರ್ತೀರಿ. ಯೆಶಾಯ 58ರಲ್ಲಿ ದೇವರು ಖಾಲಿ ಮನುಷ್ಯನಿಗೆ ಹೇಳೋ ಮದ್ದು ವಿಚಿತ್ರವಾಗಿದೆ. ನೀನು ಮೊದಲು ಹಸಿದವನ ಹತ್ರ ಹೋಗು ಅಂತಾನೆ. ನೊಂದವನ ಹೊಟ್ಟೆ ತುಂಬಿಸು, ಆಮೇಲೆ ನಿನ್ನ ಕತ್ತಲಲ್ಲಿ ಬೆಳಕು, ನಿನ್ನ ಎಲುಬಿಗೆ ಬಲ, ನೀನೇ ನೀರು ತುಂಬಿದ ತೋಟ. ಮೊದಲು ನಾನು ತುಂಬ್ತೀನಿ, ಆಮೇಲೆ ಕೊಡ್ತೀನಿ ಅಂತ ನಾವು ಅಂದ್ಕೊಂಡಿದ್ದೀವಿ. ಅಲ್ಲಿ ಕ್ರಮ ತಿರುಗಾ ಮುರುಗಾ ಇದೆ.

ಹಾಗಂತ ದಣಿವೇ ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಾಲ್ಕು ವರ್ಷದಿಂದ ಸಂಡೇ ಸ್ಕೂಲ್ ನಡೆಸ್ತಿರೋ ತಂಗಿಯರು ಇದ್ದೀರಿ. ಭಾನುವಾರ ಬೆಳಗ್ಗೆ ಆರಕ್ಕೆ ಬಂದು ಕುರ್ಚಿ ಹಾಕೋ, ಸೌಂಡ್ ವೈರ್ ಎಳೆಯೋ ಹುಡುಗರು ಇದ್ದೀರಿ, ಆರಾಧನೆಯಲ್ಲಿ ಒಂದು ಹಾಡಿಗೂ ಪೂರ್ತಿ ಕಣ್ಣು ಮುಚ್ಚೋಕೆ ನಿಮಗೆ ಆಗಲ್ಲ. ದಣಿದವರು ರಜಾ ತಗೊಳ್ಳಿ. ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ಪ್ರಸಂಗ ಅಲ್ಲ, ರೊಟ್ಟಿ ಮತ್ತು ನಿದ್ದೆ. ಸಿವಿಯಲ್ಲಿ ಹಾಕೋಕೆ, ಲಿಂಕ್ಡ್‌ಇನ್‌ನಲ್ಲಿ ಹಾಕೋಕೆ ಬರೋರಿಗೂ ಒಂದು ಮಾತು: ಬನ್ನಿ, ಬೇಡ ಅನ್ನಲ್ಲ. ಹೇಗಾದ್ರೂ ಬಂದು ಒಬ್ಬ ಅಜ್ಜಿ ಕೈ ಹಿಡಿದು ನೋಡಿ. ಆ ಕೈಯೇ ಉಳಿದದ್ದನ್ನ ನೋಡಿಕೊಳ್ಳುತ್ತೆ.

ಲೂಕ 10ರಲ್ಲಿ ಎಪ್ಪತ್ತು ಮಂದಿ ಶಿಷ್ಯರು ಸೇವೆ ಮುಗಿಸಿ ಕುಣಿದಾಡ್ತಾ ವಾಪಸ್ ಬರ್ತಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ರಿಪೋರ್ಟ್ ಸೂಪರ್. ದೆವ್ವಗಳೂ ನಮಗೆ ಅಧೀನ ಆದ್ವು ಅಂತಾರೆ. ಕರ್ತನು ಅವರ ಸಂತೋಷವನ್ನ ಆ ಲೆಕ್ಕದಿಂದ ಎತ್ತಿ ಬೇರೆ ಕಡೆ ಇಡ್ತಾನೆ, ಪರಲೋಕದಲ್ಲಿ ನಿಮ್ಮ ಹೆಸರು ಬರೆದಿದೆ, ಅದಕ್ಕೆ ಸಂತೋಷಪಡಿ ಅನ್ನೋ ಅರ್ಥದಲ್ಲಿ. ಗೆದ್ದು ಬಂದವರಿಗೆ ಹೇಳಿದ ಆ ಮಾತು, ಸೋತೆ ಅಂದ್ಕೊಂಡು ಬಂದವನಿಗೂ ಅನ್ವಯ ಆಗುತ್ತೆ. ದುಬ್ವಾ ಕೈಯಲ್ಲಿ ಯಾರಾದ್ರೂ ಆ ಪುಟ ತೆರೆದು ಇಟ್ಟಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತೆ ನನಗೆ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಈಸ್ಟ್ ಇಂಡಿಯಾ ಕಂಪನಿ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿಗೆ ಹೋದ್ರು, ತಮ್ಮನ್ನ ಕಳಿಸಿದ ಮಿಷನ್ ಸಂಸ್ಥೆಯಲ್ಲೇ ಉಳಿದ್ರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ರು. ಮತ್ತೆ ಇಲ್ಲಿಗೆ ಬರಲಿಲ್ಲ. ಆದ್ರೆ ಅಲ್ಲಿ ಕೂತು ಅವರು ಮಾಡಿದ ಒಂದು ಕೆಲಸ ಕೇಳಿ. 1826ರಲ್ಲಿ ನಮ್ಮ ಪಂಚತಂತ್ರವನ್ನ ಫ್ರೆಂಚಿಗೆ ಮಾಡಿ ಅಚ್ಚು ಹಾಕಿಸಿದ್ರು, ಅದರ ಜೊತೆಗೆ ಪರಮಾರ್ಥ ಗುರು ಮತ್ತು ಅವನ ಪೆದ್ದ ಶಿಷ್ಯರ ಕಥೆಯನ್ನೂ ಸೇರಿಸಿದ್ರು. ಸೋತೆ ಅಂತ ಬರೆದ ಮನುಷ್ಯ, ಪ್ಯಾರಿಸ್ಸಿನ ಚಳಿಯಲ್ಲಿ ಅರವತ್ತು ವಯಸ್ಸಲ್ಲಿ ಕೂತು, ಈ ನೆಲದ ನಗುವನ್ನ ತನ್ನವರಿಗೆ ಹಂಚ್ತಾ ಇದ್ದ. ಕೊಡೋಕೆ ಬಂದವನು ಹೊತ್ಕೊಂಡು ಹೋದದ್ದು ಕಡಿಮೆಯೇನಲ್ಲ.

ಸಿಡುಬಿನ ಕಥೆ ಹೇಗೆ ಮುಗೀತು ಅಂದ್ರೆ, ಭಾರತದಲ್ಲಿ ಕೊನೆಯ ಸಿಡುಬು ಕಾಣಿಸ್ಕೊಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮನೆ ಮನೆ ತಿರುಗಿದ ಸಾವಿರಾರು ಜನರ ಕೆಲಸ ಅದು, ಹೆಚ್ಚಿನವರ ಹೆಸರು ಎಲ್ಲೂ ಇಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ದುಬ್ವಾ ಹೆಸರಲ್ಲಿ ಕರೆಯೋ ಒಂದು ಹಳೇ ಚರ್ಚ್ ಇದೆ. ದರಿಯಾ ದೌಲತ್, ಸಂಗಮ ಅಂತ ಹೋಗೋರು ಆ ಕಡೆಯೇ ಹಾದು ಹೋಗ್ತಾರೆ.

ಅವರು ತೀರಿಕೊಂಡದ್ದು 1848ರ ಫೆಬ್ರವರಿ 17, ಪ್ಯಾರಿಸ್ಸಿನಲ್ಲಿ. ಎಂಬತ್ತು ದಾಟಿತ್ತು. ಒಂದು ಕ್ರಾಂತಿಯಿಂದ ತಪ್ಪಿಸ್ಕೊಂಡು ಬಂದವರು, ಅದೇ ಊರಲ್ಲಿ ಇನ್ನೊಂದು ಕ್ರಾಂತಿ ಏಳೋಕೆ ಒಂದು ವಾರ ಇರುವಾಗ ಕಣ್ಣು ಮುಚ್ಚಿದ್ರು. ಆವತ್ತು ಶ್ರೀರಂಗಪಟ್ಟಣ ಸೀಮೆಯಲ್ಲಿ, 1803ರಲ್ಲಿ ತಾಯಿ ಸೊಂಟದ ಮೇಲೆ ಕೂತು ಅತ್ತುಕೊಂಡು ತೋಳು ಕೊಟ್ಟಿದ್ದ ಮಕ್ಕಳಿಗೆ ನಲವತ್ತೈದು, ಐವತ್ತು ವಯಸ್ಸು. ಮುಖದಲ್ಲಿ ಕುಳಿ ಇಲ್ಲ. ಕೆಲವರ ತೊಡೆ ಮೇಲೆ ಮೊಮ್ಮಕ್ಕಳು ಇದ್ದಿರಬೇಕು.

ಎದ್ದು ನಿಲ್ಲೋಣ. ಕೀಬೋರ್ಡ್ ತಮ್ಮ, ಸ್ವಲ್ಪ ಮೆಲ್ಲಗೆ ನುಡಿ. ಈ ವಾರ ಯಾರ ಹತ್ರ ಹೋಗಬೇಕು ಅಂತ ಕರ್ತನು ನಿಮ್ಮ ಮನಸ್ಸಲ್ಲಿ ಒಂದು ಮುಖ ತೋರಿಸ್ತಿದ್ರೆ, ಆ ಹೆಸರು ಹೇಳಿ ಪ್ರಾರ್ಥನೆ ಮಾಡಿ.